ಬೋಧಕನ ಹಿಂದೆ ನಿಂತ ಯಂತ್ರಗಾರ

(ಮಂಗಳೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಮಂಗಳೂರಿನಲ್ಲಿ ಮಿಷನರಿಗಳ ಮಾತು ಬಂದರೆ ಎರಡು ಹೆಸರು ಬಂದೇ ಬರುತ್ತವೆ: ‘ಮಂಗಳೂರ ಸಮಾಚಾರ’ದ ಹರ್ಮನ್ ಮೋಗ್ಲಿಂಗ್, ನಿಘಂಟಿನ ಫರ್ಡಿನೆಂಡ್ ಕಿಟೆಲ್. ಇಬ್ಬರ ಮೇಲೂ ಪುಸ್ತಕಗಳಿವೆ, ವಿಚಾರ ಸಂಕಿರಣಗಳು ನಡೆದಿವೆ, ಕಿಟೆಲ್ ಅವರಿಗೆ ಬೆಂಗಳೂರಿನಲ್ಲಿ ಪ್ರತಿಮೆಯೂ ಇದೆ. ಜಾರ್ಜ್ ಪ್ಲೆಬ್ಸ್ಟ್ ಎಂದರೆ ಈ ಸಭೆಯಲ್ಲಿ ಒಂದಿಬ್ಬರು ತಲೆಯಾಡಿಸಿಯಾರು. ಆದರೆ ಅವರು ಆರಂಭಿಸಿದ ಕಸುಬಿನ ನೆರಳಿನಲ್ಲೇ ನಮ್ಮಲ್ಲಿ ಬಹುಪಾಲು ಜನ ಹುಟ್ಟಿ ಬೆಳೆದದ್ದು. 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆ ಕಟ್ಟಿದವರು ಅವರು.

ಇವತ್ತು ನಾನು ಮಾತಾಡಬೇಕೆಂದಿರುವುದು ಪ್ಲೆಬ್ಸ್ಟ್ ಅವರಂಥವರ ಬಗ್ಗೆ. ಮಿಷನರಿ ಎನ್ನಿಸಿಕೊಂಡು ಸಮುದ್ರ ದಾಟಿದರೂ ಪ್ರಸಂಗಪೀಠ ಹತ್ತದೆ, ಅಚ್ಚಿನ ಯಂತ್ರ, ವಿಮಾನದ ಎಂಜಿನ್, ರೇಡಿಯೋ ಟ್ರಾನ್ಸ್‌ಮಿಟರ್, ಈಗಿನ ಕಾಲದಲ್ಲಾದರೆ ಕಂಪ್ಯೂಟರ್ ಸರ್ವರ್ ನೋಡಿಕೊಂಡವರು. ತಾಂತ್ರಿಕ ಬೆಂಬಲ ಎಂದು ಇಂದಿನ ಕಚೇರಿಗಳಲ್ಲಿ ಹೇಳುತ್ತಾರಲ್ಲ, ಆ ಕೆಲಸದವರು. ನಾನು ಆ ಮತದವನಲ್ಲ. ಯಂತ್ರಗಳ ಮೇಲಿನ ಮೋಹ ನನ್ನನ್ನು ಈ ವಿಷಯಕ್ಕೆ ಎಳೆದುತಂದಿತು. ನನ್ನ ವಾದ ಇಷ್ಟೇ: ಮತಪ್ರಚಾರಕ್ಕೆಂದು ಬಂದ ಯಂತ್ರಗಾರ ತನ್ನ ಕೆಲಸವನ್ನು ನೆಟ್ಟಗೆ ಮಾಡಿದರೆ, ಅದರ ಫಲ ಅವನ ಮತವನ್ನು ಒಪ್ಪದವನಿಗೂ ದಕ್ಕುತ್ತದೆ. ಅದನ್ನು ತಡೆಯುವುದು ಅವನ ಕೈಯಲ್ಲೂ ಇರುವುದಿಲ್ಲ.

ಮೊದಲು ನಮ್ಮ ಊರಿನ ಕಥೆ. 1833ರ ಚಾರ್ಟರ್ ಕಾಯ್ದೆ ಬ್ರಿಟಿಷರಲ್ಲದ ಮಿಷನರಿಗಳಿಗೂ ಬಾಗಿಲು ತೆರೆಯಿತು. ಮರುವರ್ಷವೇ ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಮತಾಂತರವಾದವನ ಗತಿ ಏನು ಎಂಬುದು ಅವರಿಗೆ ಬೇಗನೆ ತಿಳಿಯಿತು. ಜಾತಿ ಬಿಟ್ಟವನಿಗೆ ಮನೆ ಹೋಯಿತು, ಗೇಣಿ ಹೋಯಿತು, ಕುಲಕಸುಬು ಹೋಯಿತು. ಸೇರಿದವರಲ್ಲಿ ಬಿಲ್ಲವರು ಹೆಚ್ಚು. ಅವರ ಮೂರ್ತೆಗಾರಿಕೆ ಮಿಶನ್ನಿಗೆ ಒಗ್ಗದ ಕಸುಬು. ಹೆಂಡ ಇಳಿಸಬೇಡ ಎಂದ ಮೇಲೆ ಉಣ್ಣುವುದಕ್ಕೇನು ಎಂದೂ ಹೇಳಬೇಕಲ್ಲ! ಬೇಸಾಯ ಮಾಡಿಸಿ ನೋಡಿದರು, ಗಡಿಯಾರದ ಕೆಲಸ ಕಲಿಸಿ ನೋಡಿದರು. ಅವು ಹೆಚ್ಚು ದಿನ ನಿಲ್ಲಲಿಲ್ಲ. ಆಮೇಲೆ ಕಸುಬು ಬಲ್ಲವರನ್ನೇ ಕಳಿಸಿ ಎಂಬ ಬೇಡಿಕೆ ಬಾಸೆಲ್‌ಗೆ ಹೋಯಿತು. 1851ರಲ್ಲಿ ನೇಯ್ಗೆ ಬಲ್ಲ ಹಾಲರ್ ಬಂದರು, ಯಂತ್ರ ಬಲ್ಲ ಪ್ಲೆಬ್ಸ್ಟ್ ಬಂದರು.

ಹಾಲರ್ ಹೆಸರಿನ ಜೊತೆ ಖಾಕಿ ಬಣ್ಣದ ಕಥೆ ಅಂಟಿಕೊಂಡಿದೆ. ಖಾಕಿ ಹುಟ್ಟಿದ್ದೇ ಮಂಗಳೂರಿನ ಬಲ್ಮಠದಲ್ಲಿ ಎಂದು ನಾವು ಎದೆಯುಬ್ಬಿಸಿ ಹೇಳುತ್ತೇವೆ. ವಾಯವ್ಯ ಗಡಿಯ ಗೈಡ್ಸ್ ದಳದವರು 1840ರ ದಶಕದಲ್ಲೇ ಆ ಬಣ್ಣ ತೊಟ್ಟಿದ್ದರಾದ್ದರಿಂದ ಈ ಅಭಿಮಾನವನ್ನು ಸ್ವಲ್ಪ ಇಳಿಸಿ ಹೇಳುವುದು ಒಳ್ಳೆಯದು. ಹಾಲರ್ ಇಲ್ಲಿ ಒಳ್ಳೆಯ ಮಗ್ಗ ತಂದರು, ಗಟ್ಟಿ ಬಣ್ಣ ತಯಾರಿಸಿದರು. ಅಷ್ಟೂ ಸಣ್ಣದಲ್ಲ.

ಅಚ್ಚುಕೂಟದ ಕಥೆ ಇದಕ್ಕಿಂತ ಹಳೆಯದು. 1841ರಲ್ಲಿ ಮಿಷನರಿ ವೈಗ್ಲೆ ಮುಂಬಯಿಯಿಂದ ಕಲ್ಲಚ್ಚಿನ ಯಂತ್ರ ತಂದರು. ಕಲ್ಲಚ್ಚಿಗೆ ಅಕ್ಷರದ ಮೊಳೆ ಬೇಡ, ಕೈಬರಹ ಚೆನ್ನಾಗಿರುವ ಬರಹಗಾರನಿದ್ದರೆ ಸಾಕು. 1843ರ ಜುಲೈ 1ರಂದು ಹೊರಬಂದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನದೇ. ಆ ದಿನವನ್ನೇ ನಾವು ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಮೊದಲ ಕನ್ನಡ ಪತ್ರಿಕೆ ಊರು ಬಿಟ್ಟದ್ದಕ್ಕೆ ಮುಖ್ಯ ಕಾರಣ, ಆಗ ಇಲ್ಲಿ ಮೊಳೆ ಅಚ್ಚಿನ ಸೌಕರ್ಯವಿರಲಿಲ್ಲ ಎಂಬುದು. ಸಂಪಾದಕ ಎಷ್ಟೇ ದೊಡ್ಡವನಿರಲಿ, ಮೊಳೆಯಿಲ್ಲದಿದ್ದರೆ ಗಂಟು ಕಟ್ಟಲೇಬೇಕು. 1850ರ ದಶಕದಲ್ಲಿ ಇಲ್ಲಿಯೂ ಮೊಳೆ ಬಂತು. ಅಚ್ಚುಕೂಟದ ತಾಂತ್ರಿಕ ಹೊಣೆಯಲ್ಲಿ ಪ್ಲೆಬ್ಸ್ಟ್ ಪಾಲು ದೊಡ್ಡದು.

ಕನ್ನಡದ ಮೊಳೆ ಜೋಡಿಸುವುದು ಏನೆಂದು ಅಚ್ಚಿನ ಕೆಲಸ ಬಲ್ಲವರಿಗೆ ನಾನು ಹೇಳಬೇಕಿಲ್ಲ. ಇಂಗ್ಲಿಷಿಗೆ ಸಾಲಾಗಿ ಇಟ್ಟರಾಯಿತು. ನಮಗೆ ಗುಣಿತ ಬೇಕು, ಕೆಳಗೆ ಒತ್ತು ಬೇಕು, ಒತ್ತಿನ ಕಾಲು ಮುಂದಿನ ಸಾಲಿನ ತಲೆಗೆ ತಾಗಬಾರದು. 1894ರಲ್ಲಿ ಹೊರಬಂದ ಕಿಟೆಲ್ ನಿಘಂಟಿನ ಒಂದು ಪುಟ ತೆರೆದು ನೋಡಿ: ಕನ್ನಡ ಲಿಪಿ, ತಲೆಯ ಮೇಲೆ ಗೆರೆ, ಕಾಲ ಕೆಳಗೆ ಚುಕ್ಕಿ ಹೊತ್ತ ರೋಮನ್ ಲಿಪಿ, ಇಂಗ್ಲಿಷ್ ಅರ್ಥ, ಎಲ್ಲವೂ ಒಂದೇ ಅಂಕಣದಲ್ಲಿ. ಎಪ್ಪತ್ತು ಸಾವಿರ ಪದ, ಸಾವಿರದ ಏಳುನೂರಕ್ಕೂ ಹೆಚ್ಚು ಪುಟ. ಕಿಟೆಲ್ ಅವರ ವಿದ್ವತ್ತಿಗೆ ಕೈ ಮುಗಿಯೋಣ. ಆ ಪುಟಗಳನ್ನು ಒಂದೊಂದೇ ಮೊಳೆ ಹೆಕ್ಕಿ ಕಟ್ಟಿ, ಕರಡು ತಿದ್ದಿದಾಗಲೆಲ್ಲ ಬಿಚ್ಚಿ ಮತ್ತೆ ಕಟ್ಟಿದ ಕೈಗಳು ಯಾರವು? ಪ್ರತಿಮೆಯ ಕಲ್ಲಿನಲ್ಲಿ ಅವರ ಹೆಸರಿಲ್ಲ.

ಯಂತ್ರವನ್ನು ಒಮ್ಮೆ ನಿಲ್ಲಿಸಿದ ಮೇಲೆ ಅದು ಒಬ್ಬನ ಮಾತನ್ನಷ್ಟೇ ಕೇಳುವುದಿಲ್ಲ. ಮಂಗಳೂರಿನ ಕಲ್ಲಚ್ಚಿನಲ್ಲೇ ಮೋಗ್ಲಿಂಗ್ ತಮ್ಮ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆ ಅಚ್ಚು ಹಾಕಿಸಿದರು. ಬಸವಪುರಾಣ ಬಂತು, ಜೈಮಿನಿ ಭಾರತ ಬಂತು, 1850ರಲ್ಲಿ ದಾಸರ ಪದಗಳು ಬಂದವು. ಏಸುವಿನ ಸುವಾರ್ತೆಗೆಂದು ಘಟ್ಟದ ಕೆಳಗೆ ಬಂದ ಯಂತ್ರದಲ್ಲಿ ಪುರಂದರ ವಿಠಲನ ಅಂಕಿತ ಅಚ್ಚಾಯಿತು. ಇದನ್ನು ಮೋಗ್ಲಿಂಗ್ ಅವರ ಔದಾರ್ಯವೆಂದು ಹೊಗಳುವವರಿದ್ದಾರೆ, ಎದುರಾಳಿಯ ಬಲಾಬಲ ಅಳೆಯುವ ತಂತ್ರವೆಂದು ಜರೆಯುವವರೂ ಇದ್ದಾರೆ. ಎರಡರಲ್ಲೂ ಸತ್ಯಾಂಶ ಇರಬಹುದು. ಪುಸ್ತಕವಂತೂ ಓದುಗನ ಕೈ ಸೇರಿತು.

ಹಂಚಿನ ಮಾತಿಗೆ ಮರಳುತ್ತೇನೆ. ಒಂದರ ಅಂಚು ಇನ್ನೊಂದರ ತೋಡಿಗೆ ಕೂರುವ ಆ ಮಾದರಿ ಮೂಲದಲ್ಲಿ ನಮ್ಮದಲ್ಲ. ಅಲ್ಸಾಸ್ ಪ್ರಾಂತದ ಗಿಲಾರ್ಡೋನಿ ಸೋದರರು 1841ರಲ್ಲಿ ರೂಪಿಸಿದ ಹಂಚು ಅದರ ಹಿರಿಯಣ್ಣ. ನೇತ್ರಾವತಿಯ ಜೇಡಿಮಣ್ಣು ಅದಕ್ಕೆ ಒಪ್ಪುತ್ತದೆ ಎಂದು ಕಂಡುಕೊಂಡದ್ದು, ಎತ್ತುಗಳನ್ನು ಕಟ್ಟಿ ಮಣ್ಣು ಹದ ಮಾಡಿಸಿದ್ದು, ಸುಡುವ ಶಾಖ ಹಿಡಿತಕ್ಕೆ ತಂದದ್ದು ಇಲ್ಲಿನ ಕೆಲಸ. ಮುಳಿಹುಲ್ಲಿನ ಮಾಡಿಗೆ ವರ್ಷ ವರ್ಷ ಹೊದಿಕೆ ಬೇಕು, ಬೆಂಕಿಯ ಭಯ ಬೇರೆ. ಪಕ್ಕಾಸು, ರೀಪು ಸರಿಯಿದ್ದರೆ ಹಂಚು ತಲೆಮಾರು ಕಳೆದರೂ ಸೋರದು. ಕೆಲವೇ ವರ್ಷಗಳಲ್ಲಿ ಊರಿನವರೇ ಕಾರ್ಖಾನೆ ಹಾಕಿದರು. ಮಂಗಳೂರು ಹಂಚು ಕಡಲು ದಾಟಿ ಪೂರ್ವ ಆಫ್ರಿಕಕ್ಕೂ ಹೋಯಿತು. ದೇವಸ್ಥಾನದ ಚಂದ್ರಶಾಲೆಗೆ, ಮಸೀದಿಗೆ, ಗುತ್ತಿನ ಮನೆಗೆ ಅದೇ ಹಂಚು.

ಬಾಸೆಲ್‌ನಲ್ಲಿ ಕೂತ ಹಿರಿಯರಿಗೆ ಇದು ಪೂರ್ತಿ ಹಿಡಿಸಿರಲಿಲ್ಲ. ಮಿಷನರಿ ಹಂಚು ಸುಡುವುದೇ, ಲಾಭ ಎಣಿಸುವುದೇ ಎಂಬ ಮುಜುಗರ. ಹಂಚಿಗೂ ಮೊದಲೇ, 1859ರಲ್ಲಿ, ವ್ಯಾಪಾರಕ್ಕೆಂದು ಬೇರೆ ಕಂಪನಿಯನ್ನೇ ಮಾಡಿದ್ದರು. 1914ರ ಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಬಂಧಿಸಿ ಹೊರಗೆ ಕಳಿಸಿತು. ಕಾರ್ಖಾನೆಗಳು ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ಮಾಲೀಕರು ಬದಲಾದರೂ ಗೂಡಿನ ಮುಂದೆ ನಿಂತ ಕೆಲಸಗಾರರು ಅವರೇ ಇದ್ದರು.

ಬೋಧಕನ ಹಿಂದೆ ಯಂತ್ರಗಾರ ಮರೆಯಾಗುವುದು ಮಂಗಳೂರು ಒಂದಕ್ಕೇ ಸೇರಿದ್ದಲ್ಲ. ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿ ಹೆಸರು ಎಲ್ಲರಿಗೂ ಗೊತ್ತು. 1799ರಲ್ಲಿ ಬಂದ ವಿಲಿಯಂ ವಾರ್ಡ್ ಮುದ್ರಕ. ಅವರ ಜೊತೆ ಅಕ್ಷರದ ಅಚ್ಚು ಕೊರೆದವರು ಪಂಚಾನನ ಕರ್ಮಕಾರ, ಅವರ ನಂತರ ಅಳಿಯ ಮನೋಹರ. 1812ರ ಮಾರ್ಚ್ 11ರ ರಾತ್ರಿ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಕಾಗದ, ಹಸ್ತಪ್ರತಿ, ಮೊಳೆ ಎಲ್ಲ ಹೋದವು. ಉಕ್ಕಿನ ಪಂಚುಗಳು ಬೂದಿಯಲ್ಲಿ ಉಳಿದಿದ್ದವು. ಕರಗಿದ ಸೀಸವನ್ನೇ ಒಟ್ಟುಮಾಡಿ ಮತ್ತೆ ಮೊಳೆ ಎರಕ ಹೊಯ್ದರು. ಐದು ವರ್ಷದ ಬಳಿಕ, 1817ರಲ್ಲಿ, ಅದೇ ಅಚ್ಚುಕೂಟದಿಂದ ಕೇರಿಯವರ ಕನ್ನಡ ವ್ಯಾಕರಣ ಹೊರಬಂತು.

ಇಪ್ಪತ್ತನೆಯ ಶತಮಾನದಲ್ಲಿ ಯಂತ್ರಗಳು ಬದಲಾದವು. ಈಕ್ವೆಡಾರ್ ದೇಶದ ರಾಜಧಾನಿ ಕೀಟೋದಲ್ಲಿ 1931ರ ಕ್ರಿಸ್‌ಮಸ್ ದಿನ ಎಚ್‌ಸಿಜೆಬಿ ಎಂಬ ಮಿಷನರಿ ರೇಡಿಯೋ ಕೇಂದ್ರ ಶುರುವಾಯಿತು. ಕೀಟೋ ಇರುವುದು ಸುಮಾರು 2,850 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿ ತೆಳು. ಶಕ್ತಿಶಾಲಿ ಟ್ರಾನ್ಸ್‌ಮಿಟರ್ ಹಾಕಿದಾಗ ಆಂಟೆನಾದ ಕಡ್ಡಿಗಳ ತುದಿಯಲ್ಲಿ ವೋಲ್ಟೇಜ್ ಏರಿ, ತೆಳುಗಾಳಿಯಲ್ಲಿ ಕಿಡಿ ಹಾರಿ, ಅಲ್ಯುಮಿನಿಯಂ ಕರಗಿ ಉದುರತೊಡಗಿತು. ಕ್ಲಾರೆನ್ಸ್ ಮೂರ್ ಎಂಬ ಎಂಜಿನಿಯರ್ 1940ರ ದಶಕದ ಆರಂಭದಲ್ಲಿ ಇದಕ್ಕೆ ಒಂದು ಉತ್ತರ ಹುಡುಕಿದರು. ತುದಿಯಲ್ಲಿ ತೊಂದರೆ ಎಂದ ಮೇಲೆ ತುದಿಯೇ ಇಲ್ಲದ ಆಂಟೆನಾ ಮಾಡಿದರಾಯಿತು! ತಂತಿಯನ್ನು ಚೌಕಾಕಾರದಲ್ಲಿ ಸುತ್ತಿ ತಲೆ ಬಾಲ ಕೂಡಿಸಿದರು. ‘ಕ್ಯೂಬಿಕಲ್ ಕ್ವಾಡ್’ ಎಂದು ಹೆಸರಾದ ಆ ವಿನ್ಯಾಸವನ್ನು ಜಗತ್ತಿನೆಲ್ಲೆಡೆಯ ಹ್ಯಾಮ್ ರೇಡಿಯೋ ಹವ್ಯಾಸಿಗಳು ಇಂದಿಗೂ ಮನೆಯ ಮಹಡಿ ಮೇಲೆ ಕಟ್ಟಿಕೊಳ್ಳುತ್ತಾರೆ.

ಇದೇ ಮೂರ್ ಅಮೆರಿಕಕ್ಕೆ ಮರಳಿ 1947ರಲ್ಲಿ ಇಂಡಿಯಾನಾದ ಎಲ್ಕ್‌ಹಾರ್ಟ್ ಊರಿನಲ್ಲಿ, ದೂಳು ಸೆಕೆ ತಡೆಯುವ ಗಟ್ಟಿಮುಟ್ಟು ಟೇಪ್ ರೆಕಾರ್ಡರುಗಳನ್ನು ಮಿಷನರಿಗಳಿಗೆ ಒದಗಿಸಲು ಸಣ್ಣ ಕಂಪನಿ ತೆರೆದರು. ಅದು ಬೆಳೆದು ಕ್ರೌನ್ ಕಂಪನಿಯಾಯಿತು. ಸಭಾಂಗಣದ ಧ್ವನಿವರ್ಧಕ ನೋಡಿಕೊಳ್ಳುವ ಹುಡುಗರಿಗೆ ಕ್ರೌನ್ ಆಂಪ್ಲಿಫೈಯರ್ ಗೊತ್ತಿರುತ್ತದೆ. ಯಕ್ಷಗಾನದ ಚೆಂಡೆಯ ಸದ್ದು ಅದರೊಳಗೆ ಹಾದು ಬಂದಿದ್ದರೂ ಆಶ್ಚರ್ಯವಿಲ್ಲ.

ಅದೇ ಈಕ್ವೆಡಾರಿನ ಇನ್ನೊಂದು ಕಥೆ ಇಷ್ಟು ಹಿತವಾದದ್ದಲ್ಲ. ಎರಡನೆಯ ಮಹಾಯುದ್ಧದಲ್ಲಿ ವಿಮಾನ ಹಾರಿಸಿದ ಕೆಲವರು 1945ರಲ್ಲಿ ಸೇರಿ ಮಿಶನ್ ಏವಿಯೇಶನ್ ಫೆಲೋಶಿಪ್ ಕಟ್ಟಿದರು. 1946ರಲ್ಲಿ ಅದರ ಮೊದಲ ವಿಮಾನ ಹಾರಿಸಿದವರು ಬೆಟ್ಟಿ ಗ್ರೀನ್ ಎಂಬ ಮಹಿಳೆ. ನೇಟ್ ಸೇಂಟ್ ಎಂಬ ಪೈಲಟ್ 1948ರಿಂದ ಕಾಡಂಚಿನ ಶೆಲ್ ಎಂಬಲ್ಲಿ ನೆಲೆಸಿ, ಒಳಗಿನ ಠಾಣೆಗಳಿಗೆ ಔಷಧಿ, ಅಕ್ಕಿ, ರೋಗಿಗಳನ್ನು ಸಾಗಿಸುತ್ತಿದ್ದರು. ವಿಮಾನ ಇಳಿಯಲಾಗದ ಕಡೆ ಸಾಮಾನು ಕೊಡಲು ಅವರು ಒಂದು ಉಪಾಯ ಮಾಡಿದರು. ವಿಮಾನ ವೃತ್ತಾಕಾರವಾಗಿ ಸುತ್ತುತ್ತಿರುವಾಗ ಸಾವಿರ ಅಡಿಗೂ ಮಿಕ್ಕ ಹಗ್ಗದಲ್ಲಿ ಬಕೆಟ್ ಇಳಿಬಿಟ್ಟರೆ, ಅದು ವೃತ್ತದ ನಡುವೆ ಹೆಚ್ಚುಕಡಿಮೆ ಅಲ್ಲಾಡದೆ ನಿಲ್ಲುತ್ತದೆ. ಕೆಳಗಿನವರು ಕೈಚಾಚಿ ಸಾಮಾನು ತೆಗೆದುಕೊಳ್ಳಬಹುದು, ಬೇಕಾದ್ದು ಇಟ್ಟು ಕಳಿಸಬಹುದು. ಬಕೆಟ್ಟಿನಲ್ಲಿ ಟೆಲಿಫೋನ್ ಇಟ್ಟು ಇಳಿಸಿ ಮಾತಾಡಿದ್ದೂ ಉಂಟು.

1955ರ ಕೊನೆಯ ತಿಂಗಳುಗಳಲ್ಲಿ ಹೊರಗಿನವರನ್ನು ಹತ್ತಿರ ಬಿಡದ ವಾವೊರಾನಿ ಜನರಿಗೆ ಅದೇ ಬಕೆಟ್ಟಿನಲ್ಲಿ ಕತ್ತಿ, ಪಾತ್ರೆ ಉಡುಗೊರೆ ಹೋದವು. ಅತ್ತಲಿಂದ ಒಂದು ಗಿಳಿ ಬಂತು. 1956ರ ಜನವರಿ 8ರಂದು ಕುರರಾಯ್ ನದಿಯ ಮರಳದಂಡೆಯಲ್ಲಿ ನೇಟ್ ಸೇಂಟ್ ಮತ್ತು ಜೊತೆಗಿದ್ದ ನಾಲ್ವರು ಭರ್ಜಿಗೆ ಬಲಿಯಾದರು. ಕ್ರೈಸ್ತ ಜಗತ್ತು ಅವರನ್ನು ಹುತಾತ್ಮರೆಂದು ನೆನೆಯುತ್ತದೆ. ಆದರೆ ಕಥೆಯ ಉಳಿದ ಭಾಗವನ್ನೂ ಹೇಳಬೇಕು. ಮುಂದಿನ ವರ್ಷಗಳಲ್ಲಿ ಚದುರಿದ್ದ ವಾವೊರಾನಿಗಳನ್ನು ಒಂದು ಮೀಸಲು ಪ್ರದೇಶಕ್ಕೆ ಕರೆತರಲಾಯಿತು. ವಿಮಾನ, ರೇಡಿಯೋ ಇಲ್ಲದೆ ಅದು ಸಾಧ್ಯವಿರಲಿಲ್ಲ. 1969ರಲ್ಲಿ ಅಲ್ಲಿ ಪೋಲಿಯೊ ಹಬ್ಬಿತು. ಅವರು ಬಿಟ್ಟುಬಂದ ಕಾಡಿಗೆ ತೈಲ ಹುಡುಕುವವರು ನುಗ್ಗಿದರು. 1981ರಲ್ಲಿ ಅಧ್ಯಕ್ಷ ಹೈಮೆ ರೋಲ್ಡೋಸ್, ಅಲ್ಲಿ ಕೆಲಸ ಮಾಡುತ್ತಿದ್ದ ಎಸ್‌ಐಎಲ್ ಎಂಬ ಭಾಷಾಸಂಸ್ಥೆಗೆ ದೇಶ ಬಿಡುವಂತೆ ಆದೇಶಿಸಿದರು. ನಾನು ಎಂಜಿನ್ ನೋಡಿಕೊಂಡೆ, ಮಿಕ್ಕದ್ದು ನನಗೆ ಸೇರಿದ್ದಲ್ಲ ಎಂದು ಯಂತ್ರಗಾರ ಕೈ ತೊಳೆದುಕೊಳ್ಳುವ ಹಾಗಿಲ್ಲ. ಫಲ ಎಲ್ಲರಿಗೂ ದಕ್ಕುತ್ತದೆ ಎಂದೆನಲ್ಲ, ಕೇಡೂ ಹಾಗೆಯೇ.

ಈ ಎಸ್‌ಐಎಲ್ 1934ರಲ್ಲಿ ಕ್ಯಾಮೆರಾನ್ ಟೌನ್ಸೆಂಡ್ ಹುಟ್ಟುಹಾಕಿದ್ದು. ಬರಹವಿಲ್ಲದ ಭಾಷೆಗಳನ್ನು ಕಲಿತು, ಲಿಪಿ ಒದಗಿಸಿ, ಬೈಬಲ್ ಅನುವಾದಕ್ಕೆ ಹಾದಿ ಮಾಡುವುದು ಅದರ ಗುರಿ. 1947ರಲ್ಲಿ ಮೆಕ್ಸಿಕೋದಲ್ಲಿ ಟೌನ್ಸೆಂಡ್, ಹೆಂಡತಿ, ಹಸುಗೂಸು ಕೂತಿದ್ದ ವಿಮಾನ ಬಿದ್ದಿತು, ಮೂವರೂ ಬದುಕಿದರು. ನಮ್ಮದೇ ವಿಮಾನ, ನಮ್ಮದೇ ಮೆಕಾನಿಕ್ ಬೇಕು ಎಂದು ಮರುವರ್ಷವೇ ವಿಮಾನ ಮತ್ತು ರೇಡಿಯೋ ವಿಭಾಗ ತೆರೆದರು. ಪಪುವಾ ನ್ಯೂಗಿನಿಯಲ್ಲಿ ಎಂಟುನೂರಕ್ಕೂ ಹೆಚ್ಚು ಭಾಷೆಗಳಿವೆ. ಅಲ್ಲಿನ ಉಕರುಂಪಾ ಎಂಬಲ್ಲಿ ಎಸ್‌ಐಎಲ್ ಒಂದು ಪುಟ್ಟ ಪಟ್ಟಣವನ್ನೇ ಕಟ್ಟಿಕೊಂಡಿದೆ. ಶಾಲೆ, ಚಿಕಿತ್ಸಾಲಯ, ಅಂಗಡಿ, ವಿಮಾನದ ಶೆಡ್, ಕಂಪ್ಯೂಟರ್ ವಿಭಾಗ. ಅನುವಾದಕ ಗುಡ್ಡದಾಚೆಯ ಹಳ್ಳಿಯಲ್ಲಿದ್ದರೆ, ಅವನ ಹಿಂದೆ ಇಂಥ ಹಲವರು.

ಇವರ ದಿನಚರಿಯಲ್ಲಿ ರೋಮಾಂಚನ ಕಡಿಮೆ. ವಿದ್ಯುತ್ತಿಲ್ಲದ ಹಳ್ಳಿಗೆ ಸೌರಫಲಕ, ಬ್ಯಾಟರಿ ಹೊಂದಿಸಬೇಕು. ಸಿಡಿಲಿಗೆ ರೇಡಿಯೋ ಸುಡುತ್ತದೆ, ಲ್ಯಾಪ್‌ಟಾಪ್ ಒಳಗೆ ಬೂಷ್ಟು ಹಿಡಿಯುತ್ತದೆ, ಇರುವೆ ಗೂಡು ಕಟ್ಟುತ್ತದೆ. ವರ್ಷಗಟ್ಟಲೆ ಕೂಡಿಟ್ಟ ಪದಪಟ್ಟಿ ಒಂದೇ ಡಿಸ್ಕಿನಲ್ಲಿದ್ದು ಅದು ಕೈಕೊಟ್ಟಾಗ ಅನುವಾದಕನ ಮುಖ ನೋಡುವ ಕರ್ಮ ಇವರದು. ಸರಿಯಾಗಿ ನಡೆಯುವವರೆಗೆ ಇವರ ನೆನಪು ಯಾರಿಗೂ ಆಗದು. ನಮ್ಮ ಯಾವುದೇ ಕಚೇರಿಯ ಕಂಪ್ಯೂಟರ್ ವಿಭಾಗದವರನ್ನು ಕೇಳಿ, ಇದನ್ನೇ ಹೇಳುತ್ತಾರೆ.

ಸಂಬಳದ ವಿಷಯದಲ್ಲಿ ಮಾತ್ರ ಅಜಗಜಾಂತರ. ಇಂಥ ಬಹಳಷ್ಟು ಸಂಸ್ಥೆಗಳು ಸಂಬಳ ಕೊಡುವುದಿಲ್ಲ. ಹೊರಡುವ ಮುನ್ನ ತನ್ನ ಊರಿನ ಸಭೆಗಳನ್ನು, ನೆಂಟರನ್ನು, ಗೆಳೆಯರನ್ನು ಕಂಡು, ತಿಂಗಳಿಗಿಷ್ಟು ಕೊಡುತ್ತೇವೆ ಎಂಬ ಮಾತು ಪಡೆದು, ಬೇಕಾದಷ್ಟು ಕೂಡಿದ ಮೇಲೆ ಹೊರಡಬೇಕು. ಕೆಲವು ವರ್ಷಕ್ಕೊಮ್ಮೆ ಮರಳಿ ಎಲ್ಲರನ್ನೂ ಕಾಣಬೇಕು, ನಡುವೆ ಪ್ರಾರ್ಥನಾಪತ್ರ ಬರೆಯುತ್ತಿರಬೇಕು. ಬೋಧಕನಾದರೆ ಇಷ್ಟು ಜನ ಸ್ನಾನದೀಕ್ಷೆ ಪಡೆದರು ಎಂದು ಬರೆಯಬಹುದು. ಇವನು ಏನು ಬರೆಯಬೇಕು? ಈ ತಿಂಗಳು ಮೇಲ್ ಸರ್ವರ್ ಬದಲಿಸಿದೆ, ಜನರೇಟರಿನ ಬೇರಿಂಗ್ ಹಾಕಿಸಿದೆ ಎಂದೇ? ಎದುರಿಗೆ ಕೂತ ಹಿರಿಯರೊಬ್ಬರು, ಅದೆಲ್ಲ ಸರಿಯಪ್ಪ, ನೀನು ಅಲ್ಲಿ ಮಾಡುವ ಸೇವೆ ಏನು ಎಂದು ಕೇಳಿದರೆ ಉತ್ತರ ಹೇಳುವುದು ಸುಲಭವಲ್ಲ. ಒಂದೂವರೆ ಶತಮಾನದ ಹಿಂದೆ ಬಾಸೆಲ್‌ನಲ್ಲಿ ಹಂಚಿನ ಬಗ್ಗೆ ಇದ್ದ ಮುಜುಗರ ಇದೇ.

ನನ್ನ ಮಟ್ಟಿಗೆ ಉತ್ತರ ನಿಮ್ಮ ಜೇಬಿನಲ್ಲಿದೆ. ಫೋನಿನಲ್ಲಿ, ಜಾಲತಾಣದಲ್ಲಿ ನೀವು ಓದುವ ಕನ್ನಡ ಅಕ್ಷರಗಳಲ್ಲಿ ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ತಿರೊ ಕನ್ನಡ ಮುಂತಾದ ಫಾಂಟುಗಳಿವೆ. ಇವನ್ನು ಯಾರು ಬೇಕಾದರೂ ದುಡ್ಡು ಕೊಡದೆ ಬಳಸಬಹುದು, ತಿದ್ದಬಹುದು, ಪುಸ್ತಕಕ್ಕೆ ಹಾಕಬಹುದು. ಫಾಂಟನ್ನಷ್ಟೇ ಪ್ರತ್ಯೇಕವಾಗಿ ಮಾರಬಾರದು, ತಿದ್ದಿದ್ದನ್ನು ಅದೇ ಷರತ್ತಿನಲ್ಲಿ ಹಂಚಬೇಕು. ಈ ಷರತ್ತುಗಳಿರುವುದು ‘ಓಪನ್ ಫಾಂಟ್ ಲೈಸೆನ್ಸ್’ ಎಂಬ ಪರವಾನಗಿಯಲ್ಲಿ. ಅದನ್ನು 2005ರಲ್ಲಿ ಹೊರತಂದದ್ದು ಎಸ್‌ಐಎಲ್. ಈಗ ಚಾಲ್ತಿಯಲ್ಲಿರುವುದು 2007ರ ಆವೃತ್ತಿ. ಸಣ್ಣ ಭಾಷೆಗಳ ಬೈಬಲ್ ಅಚ್ಚಾಗಲೆಂದು ಅಕ್ಷರ ಕೆತ್ತಲು ಕೂತ ಸಂಸ್ಥೆ ಅದು. ಪರವಾನಗಿಯಲ್ಲಿ ಮತದ ಮಾತು ಒಂದಕ್ಷರವೂ ಇಲ್ಲ. ವಚನ ಸಂಪುಟವನ್ನಾಗಲಿ, ನಾಸ್ತಿಕನ ಕರಪತ್ರವನ್ನಾಗಲಿ ಅದೇ ಅಕ್ಷರದಲ್ಲಿ ಜೋಡಿಸಬಹುದು.

ಇನ್ನೊಂದು. ಜಗತ್ತಿನ ಭಾಷೆಗಳಿಗೆ ಮೂರಕ್ಷರದ ಅಂತಾರಾಷ್ಟ್ರೀಯ ಸಂಕೇತಗಳಿವೆ. 2007ರಲ್ಲಿ ಜಾರಿಗೆ ಬಂದ ಆ ಪಟ್ಟಿಯ ನೋಂದಣಿ ನೋಡಿಕೊಳ್ಳುವುದೂ ಎಸ್‌ಐಎಲ್. ತುಳುವಿಗೆ ಟಿ-ಸಿ-ವೈ, ಕೊಡವಕ್ಕೆ ಕೆ-ಎಫ್-ಎ. 2016ರಲ್ಲಿ ತುಳು ವಿಕಿಪೀಡಿಯ ಆರಂಭವಾದಾಗ ಅದರ ವಿಳಾಸದ ಮೊದಲಿಗೆ ಕೂತದ್ದು ಆ ಮೂರು ಅಕ್ಷರವೇ. ಇದು ಸಣ್ಣ ಅಧಿಕಾರವಲ್ಲ. ಯಾವುದು ಭಾಷೆ, ಯಾವುದು ಉಪಭಾಷೆ ಎಂಬ ಪಟ್ಟಿಯ ಕೀಲಿಕೈ ಮತಪ್ರಚಾರದ ನಂಟುಳ್ಳ ಸಂಸ್ಥೆಯ ಬಳಿ ಇರಬೇಕೇ? 2009ರಲ್ಲಿ ಅಮೆರಿಕದ ‘ಲ್ಯಾಂಗ್ವೇಜ್’ ಪತ್ರಿಕೆಯಲ್ಲಿ ಭಾಷಾವಿಜ್ಞಾನಿಗಳು ಇಂಥದ್ದನ್ನೇ ಚರ್ಚಿಸಿದರು. ವಿಶ್ವವಿದ್ಯಾಲಯಗಳು ಬೇಸರದ ಕೆಲಸವನ್ನೆಲ್ಲ ಇವರಿಗೆ ಬಿಟ್ಟು, ಇವರು ಮಾಡಿದ ತಂತ್ರಾಂಶ ಬಳಸಿ, ಆಮೇಲೆ ಇವರನ್ನು ಶಂಕಿಸುತ್ತವೆ ಎಂಬ ಮಾತೂ ಅಲ್ಲಿ ಬಂತು. ಅದು ನಮಗೂ ತಾಗಬೇಕು. ಪಟ್ಟಿ ನೋಡಿಕೊಳ್ಳುವ, ಫಾಂಟ್ ತಿದ್ದುವ ಕೆಲಸಕ್ಕೆ ಕೂರುವ ತಾಳ್ಮೆ ನಮ್ಮ ಸರ್ಕಾರಿ ಸಂಸ್ಥೆಗಳಿಗೆ ಇದ್ದಿದ್ದರೆ ಈ ಪ್ರಶ್ನೆ ಕೇಳುವ ಹಕ್ಕು ಇನ್ನಷ್ಟು ಗಟ್ಟಿಯಾಗಿರುತ್ತಿತ್ತು.

ಕೊನೆಯದಾಗಿ ಒಂದು ವಿನಂತಿ. ಶ್ರೀರಾಮಪುರದಲ್ಲಿ ಅಚ್ಚು ಕೊರೆದ ಪಂಚಾನನ ಕರ್ಮಕಾರರ ಹೆಸರು ಉಳಿದಿದೆ. ಬಲ್ಮಠದಲ್ಲಿ ಮೊಳೆ ಜೋಡಿಸಿದವರು, ಜೆಪ್ಪುವಿನಲ್ಲಿ ಗೂಡಿನ ಬೆಂಕಿ ನೋಡಿಕೊಂಡವರು, ಹಂಚು ಹೊತ್ತ ಹೆಂಗಸರು ಇವರ ಹೆಸರುಗಳು ನಮ್ಮ ಪುಸ್ತಕಗಳಲ್ಲಿ ಕಾಣುವುದು ತೀರ ಕಡಿಮೆ. ಅವರ ಮೊಮ್ಮಕ್ಕಳು, ಮರಿಮಕ್ಕಳು ಇದೇ ಊರಿನಲ್ಲಿದ್ದಾರೆ, ಈ ಸಭೆಯಲ್ಲೂ ಇದ್ದೀರಿ. ಮನೆಯ ಅಟ್ಟದಲ್ಲಿ, ಪೆಟ್ಟಿಗೆಯಲ್ಲಿ ಹಳೆಯ ಸಂಬಳದ ಚೀಟಿ, ಕಾರ್ಖಾನೆಯ ಗುಂಪುಚಿತ್ರ, ಅಜ್ಜ ಬರೆದಿಟ್ಟ ಲೆಕ್ಕದ ಪುಸ್ತಕ ಏನೇ ಇದ್ದರೂ ಗುಜರಿಗೆ ಹಾಕಬೇಡಿ. ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಮಿಶನ್ನಿನ ಹಳೆಯ ದಾಖಲೆಗಳ ಪತ್ರಾಗಾರವಿದೆ. ಅಲ್ಲಿಗೆ ತೋರಿಸಿ, ಒಂದು ಪ್ರತಿ ಮಾಡಿಸಿ ಕೊಡಿ. ಚಿತ್ರದಲ್ಲಿರುವವರ ಗುರುತು ಹಿಡಿಯಬಲ್ಲ ಹಿರಿಯರು ಮನೆಯಲ್ಲಿದ್ದರೆ ಅವರನ್ನು ಕೂರಿಸಿ ಹೆಸರುಗಳನ್ನು ಚಿತ್ರದ ಹಿಂದೆ ಪೆನ್ಸಿಲಿನಲ್ಲಿ ಬರೆದಿಡಿ.